ಹೊಲದಿಂದ ಮಾರ್ಕೆಟ್ ಯಾರ್ಡ್‌ವರೆಗೆ: ಪುಣೆ ಜಿಲ್ಲೆಯಲ್ಲಿ ಊರವರು ಕೂಡಿ ದಾರಿ ಮಾಡಿಸಿಕೊಳ್ಳುವುದು ಹೇಗೆ

ಬೆಳಗಿನ ಜಾವ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಸುತ್ತು ಹಾಕಿ. ಮೂಟೆ ಹೊರುವವರ ಬಾಯಲ್ಲಿ ಕನ್ನಡ ಕೇಳುತ್ತದೆ. ಇಂಡಿ, ಸಿಂದಗಿ, ಅಫಜಲಪುರದ ಕಡೆಯ ಕನ್ನಡ. ಅವರನ್ನು ಕೇಳಿದರೆ ಯಾವ ಊರಿನ ಮಾಲು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಊರಿನದು ಯಾವಾಗಲೂ ತಡ, ಎಲ್ಲ ಹೇಳುತ್ತಾರೆ. ತಡವಾಗಿ ಬರುವ ಮಾಲಿನ ಹಿಂದೆ ಹೆಚ್ಚಾಗಿ ಒಂದು ಕೆಟ್ಟ ದಾರಿ ಇರುತ್ತದೆ.

ನಮ್ಮದೂ ಅಂಥದೇ ಊರಾಗಿತ್ತು. ಅಪ್ಪ ಇಂಡಿ ಕಡೆಯಿಂದ ಬಂದು ಪುರಂದರ ತಾಲ್ಲೂಕಿನ ಒಂದು ವಾಡಿಯಲ್ಲಿ ಪಾಲಿಗೆ ಹೊಲ ಮಾಡಿದರು. ಆಮೇಲೆ ಸ್ವಲ್ಪ ಸ್ವಂತದ್ದೂ ಆಯಿತು. ಬಟಾಣಿ, ಸೀತಾಫಲ, ಒಂದಿಷ್ಟು ಅಂಜೂರ. ಸಾಸವಡದಿಂದ ದಿವೆ ಘಾಟ್ ಇಳಿದರೆ ಹಡಪಸರ, ಅಲ್ಲಿಂದ ಯಾರ್ಡು. ಅದೆಲ್ಲ ಡಾಂಬರು. ತೊಂದರೆ ಇದ್ದದ್ದು ಡಾಂಬರಿನಿಂದ ಹೊಲಕ್ಕೆ ಬರುವ ಒಂದೂವರೆ ಕಿಲೋಮೀಟರಿನಲ್ಲಿ. ಒಂದು ಆಗಸ್ಟಿನಲ್ಲಿ ಪಿಕಪ್‌ನವನು ಹಳ್ಳದ ಹತ್ತಿರ ನಿಂತು, ಇನ್ನು ಮುಂದೆ ಬರುವುದಿಲ್ಲ ಅಂದ. ಬಟಾಣಿ ಚೀಲಗಳನ್ನು ತಲೆಯ ಮೇಲೆ ಹೊತ್ತು ಸಾಗಿಸಿದೆವು. ಯಾರ್ಡು ಮುಟ್ಟುವ ಹೊತ್ತಿಗೆ ಹರಾಜು ಮುಗಿದಿತ್ತು. ಹಸಿ ಬಟಾಣಿ ಚೀಲದೊಳಗೆ ಕಾವೇರುತ್ತದೆ. ಕೈ ಹಾಕಿದರೆ ಬಿಸಿ. ಅವತ್ತು ಸಿಕ್ಕ ದುಡ್ಡು ಬಾಡಿಗೆಗೂ ಸಾಲಲಿಲ್ಲ. ಅಮ್ಮ ಮನೆಗೆ ಬಂದು ಏನೂ ಮಾತಾಡದೆ ಮಲಗಿದಳು.

ಆಮೇಲೆ ನಾವು ದಾರಿಯ ಬೆನ್ನು ಹತ್ತಿದೆವು. ವರ್ಷಗಳೇ ಹಿಡಿದವು. ಅಷ್ಟೊಂದು ಹಿಡಿಯಬೇಕಾಗಿರಲಿಲ್ಲ. ನಾವು ಮೊದಲಿನಿಂದ ದುಡ್ಡು ಕೇಳಿದೆವು. ಕೇಳಬೇಕಾಗಿದ್ದದ್ದು ಕಾಗದ. ನಿಮ್ಮ ದಾರಿ ಸರ್ಕಾರದ ಯಾವ ನಕ್ಷೆಯಲ್ಲಿ ಯಾವ ಹೆಸರಿನಲ್ಲಿ ಇದೆ ಅನ್ನುವುದು ಗೊತ್ತಾಗುವವರೆಗೆ ಯಾರೂ ಒಂದು ಬುಟ್ಟಿ ಮುರುಮು, ಅಂದರೆ ಗರಸು ಮಣ್ಣು, ಹಾಕುವುದಿಲ್ಲ. ಜುನ್ನರದಲ್ಲಿ ಟೊಮೆಟೊ ಬೆಳೆಯುವವರಿಗೂ, ಚಾಕಣದ ಈರುಳ್ಳಿಯವರಿಗೂ, ದೌಂಡ, ಇಂದಾಪುರದ ಕಬ್ಬಿನವರಿಗೂ ಇದೇ ಮಾತು.

ಮಳೆಗಾಲದಲ್ಲೇ ನಡೆದು ನೋಡಿ

ಬೇಸಿಗೆಯಲ್ಲಿ ಎಲ್ಲ ದಾರಿಯೂ ಚೆನ್ನಾಗಿರುತ್ತದೆ. ಅದಕ್ಕೆ ಜುಲೈ, ಆಗಸ್ಟಿನಲ್ಲಿ ಒಂದು ದಿನ ಗೊತ್ತು ಮಾಡಿ, ದಾರಿಯ ಮೇಲೆ ಹೊಲ ಇರುವ ಎಲ್ಲರೂ ಕೂಡಿ ಈ ತುದಿಯಿಂದ ಆ ತುದಿಗೆ ನಡೆಯಿರಿ. ಎಲ್ಲರೂ ಅಂದರೆ ಹೆಂಗಸರೂ ಸೇರಿ. ಕಾಯಿ ಕೀಳುವುದೂ ಅವರು, ಹೊರುವುದೂ ಅವರು. ಎಲ್ಲಿ ಕಾಲು ಜಾರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಒಂದು ನೋಟ್‌ಬುಕ್ ಇರಲಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ದಾಟುತ್ತದೆ, ಎಲ್ಲಿ ಬದು ದಾರಿಯೊಳಗೆ ಬಂದಿದೆ, ಎಲ್ಲಿ ಎರೆಮಣ್ಣು, ಎಲ್ಲಿ ಗಟ್ಟಿ ನೆಲ. ಪ್ರತಿ ಜಾಗದ ಫೋಟೋ ತೆಗೆಯಿರಿ. ಫೋಟೋದಲ್ಲಿ ತಾರೀಖು ಮತ್ತು ಲೊಕೇಶನ್ ಬರುವಂತೆ ಮೊಬೈಲ್ ಸೆಟ್ ಮಾಡಿಕೊಳ್ಳಿ. ಇಡೀ ದಾರಿ ಕೆಟ್ಟಿದೆ ಅಂತ ನಾವು ಹೇಳುತ್ತಿರುತ್ತೇವೆ. ನಡೆದಾಗ ನಿಜವಾಗಿ ಕೆಟ್ಟದ್ದು ನಾಲ್ಕೋ ಐದೋ ಜಾಗ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಒಂದೂವರೆ ಕಿಲೋಮೀಟರಿನಲ್ಲಿ ಗಾಡಿ ನಿಲ್ಲಿಸುತ್ತಿದ್ದದ್ದು ಮೂರೇ ಜಾಗ.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಲೆಕ್ಕ ಬರೆಯಿರಿ. ಗಾಡಿ ಬರದ ದಿನಗಳು. ತಲೆಹೊರೆಗೆ ಕೊಟ್ಟ ಕೂಲಿ. ಟ್ರ್ಯಾಕ್ಟರ್ ಎಳೆಸಿದ ಖರ್ಚು. ತಡವಾದ ದಿನ ಸಿಕ್ಕ ದರ, ಅದೇ ದಿನ ಬೇಗ ಮುಟ್ಟಿದವರಿಗೆ ಸಿಕ್ಕ ದರ. ಯಾರ್ಡಿನ ಅಡತ್ಯಾ, ಅಂದರೆ ಮಾಲು ಮಾರಿಕೊಡುವ ದಲಾಲಿ, ಕೊಡುವ ಪಟ್ಟಿಯನ್ನು ಎಸೆಯಬೇಡಿ. ಅದರಲ್ಲಿ ತಾರೀಖು, ತೂಕ, ದರ, ಹಮಾಲಿ, ಬಾಡಿಗೆ ಎಲ್ಲ ಇರುತ್ತದೆ. 2016ರಿಂದ ಹಣ್ಣು, ತರಕಾರಿಯ ಅಡತ, ಅಂದರೆ ದಲಾಲಿಯ ಕಮಿಷನ್, ರೈತನಿಂದಲ್ಲ, ಕೊಳ್ಳುವವನಿಂದ ತೆಗೆದುಕೊಳ್ಳಬೇಕು ಅಂತ ಮಹಾರಾಷ್ಟ್ರದಲ್ಲಿ ನಿಯಮ ಆಯಿತು. ಹಾಗಾಗಿ ಪಟ್ಟಿಯಲ್ಲಿ ಈಗ ಬಾಡಿಗೆಯೇ ಎದ್ದು ಕಾಣುತ್ತದೆ. ಒಂದು ಹಂಗಾಮಿನ ಪಟ್ಟಿಗಳನ್ನು ಹತ್ತು ಮನೆಯವರು ಕೂಡಿಸಿ ಇಟ್ಟರೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಅಧಿಕಾರಿಗೆ ನಮ್ಮ ಕಷ್ಟ ಕೇಳಿ ಕೇಳಿ ರೂಢಿಯಾಗಿರುತ್ತದೆ. ಲೆಕ್ಕ ನೋಡಿದಾಗ ಮಾತ್ರ ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ.

ದಾರಿಗೆ ಕಾಗದದಲ್ಲಿ ಏನು ಹೆಸರು

ತಾಲ್ಲೂಕಿನ ಭೂಮಿ ಅಭಿಲೇಖ ಕಚೇರಿಗೆ ಹೋಗಿ. ಜನ ಅದನ್ನು ಮೋಜಣಿ ಆಫೀಸು ಅನ್ನುತ್ತಾರೆ. ಅಲ್ಲಿ ಗಾವ್ ನಕಾಶಾ, ಅಂದರೆ ಊರ ನಕ್ಷೆಯ ನಕಲು ಕೇಳಿ. ಎರಡು ನಕ್ಷೆ ಬೇಕು. ಒಂದು ಹಳೆಯ ಸರ್ವೆ ನಂಬರಿನದು, ಇನ್ನೊಂದು ಗಟ್ ನಂಬರಿನದು. 1947ರ ಕಾನೂನಿನ ಪ್ರಕಾರ ತುಂಡು ಹೊಲಗಳನ್ನು ಕೂಡಿಸಿದಾಗ ಸರ್ವೆ ನಂಬರ್ ಹೋಗಿ ಗಟ್ ನಂಬರ್ ಬಂತು. ಹಳೆಯ ನಕ್ಷೆಯಲ್ಲಿರುವ ದಾರಿ ಹೊಸದರಲ್ಲಿ ಮಸುಕಾಗಿರುವುದುಂಟು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ತಿಳಿಯುತ್ತದೆ.

ನಕ್ಷೆಯ ಗೆರೆ ಓದುವುದು ಕಷ್ಟವಲ್ಲ. ತುಂಡು ತುಂಡಾದ ಜೋಡಿ ಗೆರೆ ಇದ್ದರೆ ಅದು ಗಾಡಿದಾರಿ. ಅಗಲ 16½ರಿಂದ 21 ಅಡಿ. ತುಂಡು ಗೆರೆ ಒಂದೇ ಇದ್ದರೆ ಕಾಲುದಾರಿ, 8¼ ಅಡಿ. ಈ ದಾರಿಗಳ ಕೆಳಗಿನ ನೆಲವನ್ನು ಹೊಲದ ಪೋಟ್‌ಖರಾಬಿನಲ್ಲಿ ತೋರಿಸಿರುತ್ತಾರೆ. ನಮ್ಮ ಕಡೆ ಖರಾಬು ಅನ್ನುತ್ತೇವಲ್ಲ, ಅದೇ. ಎರಡು ಊರಿನ ಗಡಿಯ ಮೇಲೆ ಹೋಗುವುದು ಶಿವ್ ರಸ್ತೆ. ಎರಡು ಬದಿಯ ಹೊಲಗಳ ನಡುವೆ ತಗ್ಗಾಗಿ ಹೋಗುವ ಹಳೆಯ ಬಂಡಿದಾರಿಗೆ ಪಾಣಂದ ಅನ್ನುತ್ತಾರೆ. ಈ ಶಬ್ದ ನೆನಪಿಡಿ. ಅರ್ಜಿಯಲ್ಲಿ ಸುಮ್ನೆ ರಸ್ತೆ ಅಂತ ಬರೆದರೆ ಒಂದು ಟೇಬಲ್ಲಿಗೆ ಹೋಗುತ್ತದೆ, ಪಾಣಂದ ರಸ್ತೆ ಅಂತ ಬರೆದರೆ ಇನ್ನೊಂದಕ್ಕೆ.

ದಾರಿ ತಗಲುವ ಪ್ರತಿ ಗಟ್ಟಿನ ಸಾತ್‌ಬಾರಾ ತೆಗೆಯಿರಿ. ನಮ್ಮ ಪಹಣಿಯೇ ಇಲ್ಲಿನ ಸಾತ್‌ಬಾರಾ. ಮಹಾಭೂಲೇಖ ತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು, ಕಚೇರಿಗೆ ಕೊಡಲು ಸಹಿ ಇರುವ ನಕಲು ಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಸ್ಥಳ ಪಾಹಣಿ ಅಂದರೆ ಅಧಿಕಾರಿ ಜಾಗಕ್ಕೆ ಬಂದು ನೋಡುವುದು. ನಮ್ಮವರು ಅದನ್ನು ಪಹಣಿ ಪತ್ರಿಕೆ ಅಂದುಕೊಂಡು ಸಾತ್‌ಬಾರಾ ಹಿಡಿದು ಕಚೇರಿಗೆ ಹೋಗುತ್ತಾರೆ. ಆ ಹೊತ್ತಿಗೆ ಅಧಿಕಾರಿ ಹೊಲಕ್ಕೆ ಬಂದು ಯಾರೂ ಇಲ್ಲ ಅಂತ ಬರೆದುಕೊಂಡು ವಾಪಸ್ ಹೋಗಿರುತ್ತಾರೆ. ನಮ್ಮ ವಾಡಿಯಲ್ಲೇ ಹೀಗಾಗಿ ನಾಲ್ಕು ತಿಂಗಳು ಹೋಯಿತು.

ದಾರಿ ಸ್ವಲ್ಪ ದೊಡ್ಡದಿದ್ದು ಊರಿಂದ ಊರಿಗೆ ಹೋಗುತ್ತಿದ್ದರೆ ಜಿಲ್ಲಾ ಪರಿಷತ್ತಿನ ಬಾಂಧಕಾಮ, ಅಂದರೆ ಕಾಮಗಾರಿ ವಿಭಾಗದಲ್ಲಿ ಕೇಳಿ: ಇದಕ್ಕೆ ಗ್ರಾಮೀಣ ಮಾರ್ಗ ಕ್ರಮಾಂಕ ಇದೆಯಾ? ನಂಬರ್ ಇದ್ದರೆ ಅದು ಪರಿಷತ್ತಿನ ರಸ್ತೆ, ಜವಾಬ್ದಾರಿ ಅವರದು. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು.

ಬದುವಿನ ಮನೆಗಳಿಗೆ ಹೋಗುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದು. ಹಿಡಿಯಲಿ ಬಿಡಿ.

ದಾರಿ ಕಿರಿದಾಗಿರುವುದು ಯಾಕೆ? ಪ್ರತಿ ವರ್ಷ ನೇಗಿಲು ಚೂರು ಚೂರು ಆಚೆ ಹೋಗಿದೆ. ಯಾರೂ ಬೇಕಂತ ಕದ್ದಿಲ್ಲ. ಅಪ್ಪನ ಕಾಲದಲ್ಲಿ ಒಂದಿಷ್ಟು, ಅಜ್ಜನ ಕಾಲದಲ್ಲಿ ಒಂದಿಷ್ಟು. 16 ಅಡಿ ಇದ್ದದ್ದು 7 ಅಡಿ ಆಯಿತು. ಈಗ ಹೋಗಿ ನೀವು ಅತಿಕ್ರಮಣ ಮಾಡಿದ್ದೀರಿ ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಶಬ್ದವನ್ನೇ ಆಡಬೇಡಿ.

ನಕ್ಷೆ ಹಿಡಿದುಕೊಂಡು ಮೊದಲ ದಿನವೇ ಹೋಗಬೇಡಿ. ಮೊದಲ ದಿನ ಅವರ ಮಾತು ಕೇಳಿ. ಹೊಲ ಎಷ್ಟು, ದಾರಿ ಅಗಲ ಆದರೆ ಅವರಿಗೆ ಏನು ಹೋಗುತ್ತದೆ, ಮಾವಿನ ಗಿಡ ಹೋಗುತ್ತದೋ, ಪೈಪ್‌ಲೈನ್ ಹೋಗುತ್ತದೋ. ಎರಡು ಎಕರೆಯವನು ಮೂರು ಅಡಿ ಬಿಡುವುದಕ್ಕೂ ಇಪ್ಪತ್ತು ಎಕರೆಯವನು ಮೂರು ಅಡಿ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ? ಅದಕ್ಕೆ ನಾವು ಒಂದು ತೀರ್ಮಾನ ಮಾಡಿದ್ದೆವು. ಎರಡೂ ಬದಿ ಸಮ ಬಿಡಬೇಕು. ಆದರೆ ಒಂದು ಬದಿಯಲ್ಲಿ ಬಾವಿಯೋ ಮನೆಯೋ ಗಿಡವೋ ಇದ್ದರೆ ಅಲ್ಲಿ ದಾರಿ ಎದುರು ಬದಿಗೆ ಬಾಗುತ್ತದೆ. ಬಾಗಿದ ಕಡೆಯವನಿಗೆ ಪೈಪ್ ಹೂಳಿಸುವ, ಬದು ಕಟ್ಟಿಸುವ ಖರ್ಚನ್ನು ಉಳಿದವರು ಕೊಡುತ್ತಾರೆ. ಇದನ್ನು ಕಾಗದದ ಮೇಲೆ ಬರೆದು ಎಲ್ಲರ ಮುಂದೆ ಓದಿದೆವು. ಅಲ್ಲಿಂದ ಮಾತು ಸಲೀಸಾಯಿತು.

ಹೆಚ್ಚಾಗಿ ತಡೆಯುವವನು ದಾರಿಯ ಆರಂಭದಲ್ಲಿ ಇರುವವನು. ಅವನ ಹೊಲ ಡಾಂಬರಿಗೆ ಹತ್ತಿರ. ಈ ದಾರಿಯಿಂದ ಅವನಿಗೆ ಲಾಭವೇ ಇಲ್ಲ, ನಷ್ಟ ಮಾತ್ರ. ಅವನು ಬೇಡ ಅನ್ನುವುದರಲ್ಲಿ ತಪ್ಪೇನಿದೆ? ಅವನ ಮನೆಗೆ ನಾಲ್ಕು ಸಲ ಹೋಗಬೇಕಾಗುತ್ತದೆ. ಅವನಿಗೆ ಏನು ಬೇಕು ಕೇಳಿ. ನಮ್ಮಲ್ಲಿ ಹಾಗೆ ಇದ್ದವರಿಗೆ ಬೇಕಾಗಿದ್ದದ್ದು ಒಂದೇ. ದಾರಿಯ ನೀರು ತಮ್ಮ ಹೊಲಕ್ಕೆ ನುಗ್ಗಬಾರದು. ಆ ಬದಿಗೆ ಕಾಲುವೆ ತೋಡುತ್ತೇವೆ ಅಂತ ಬರೆದುಕೊಟ್ಟೆವು, ದಾರಿಗಿಂತ ಮೊದಲು ಕಾಲುವೆಯನ್ನೇ ತೋಡಿದೆವು. ಆಮೇಲೆ ಮುಂದಿನ ಮೂರು ಮನೆಗಳಿಗೆ ನಮ್ಮ ಜೊತೆ ಬಂದು ಮಾತಾಡಿದವರು ಅವರೇ.

ನಾವು ಕನ್ನಡದವರು ಇಲ್ಲಿ ಹೆಚ್ಚಾಗಿ ಪಾಲಿಗೆ ಮಾಡುವವರು. ಸಾತ್‌ಬಾರಾದಲ್ಲಿ ನಮ್ಮ ಹೆಸರು ಇರುವುದಿಲ್ಲ. ಹಾಗಾಗಿ ಸಹಿ ನಮ್ಮದು ನಡೆಯುವುದಿಲ್ಲ, ಹೊಲದ ಒಡೆಯನದೇ ಬೇಕು. ಒಡೆಯ ಪುಣೆಯಲ್ಲೋ ಮುಂಬೈಯಲ್ಲೋ ಇದ್ದರೆ ಅವರ ಮನೆಗೆ ಹೋಗಿ ತರಬೇಕು. ಸಂಮತಿಪತ್ರದಲ್ಲಿ ಗಟ್ ನಂಬರ್, ಬಿಡುವ ಅಗಲ ಮತ್ತು ಉದ್ದ, ಯಾವ ಬದಿ, ಪರಿಹಾರ ಕೇಳುವುದಿಲ್ಲ ಅನ್ನುವ ಮಾತು, ಇಬ್ಬರು ಸಾಕ್ಷಿ ಇರಲಿ. ಸಾತ್‌ಬಾರಾದಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಹೆಸರು ಒಟ್ಟಿಗೆ ಇದ್ದರೆ ಎಲ್ಲರ ಸಹಿಯೂ ಬೇಕು. ಒಬ್ಬ ತಂಗಿಯ ಸಹಿ ಬಿಟ್ಟುಹೋಗಿ ಆಮೇಲೆ ಇಡೀ ಕೆಲಸ ನಿಂತದ್ದನ್ನು ನಾನು ನೋಡಿದ್ದೇನೆ.

ಮರಾಠಿಯಲ್ಲಿ ಬರೆಯಲು ಅಂಜಬೇಡಿ. ಇಲ್ಲೇ ಶಾಲೆಗೆ ಹೋದ ನಮ್ಮ ಮಕ್ಕಳು ಚೆನ್ನಾಗಿ ಬರೆಯುತ್ತಾರೆ, ಅವರನ್ನು ಕೂರಿಸಿ. ಬರೆದದ್ದನ್ನು ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ. ತಿಳಿಯದ ಕಾಗದಕ್ಕೆ ಯಾರೂ ಹೆಬ್ಬೆಟ್ಟು ಒತ್ತಬಾರದು.

ಒಪ್ಪದೇ ಹೋದರೆ

ಎಷ್ಟು ಮಾಡಿದರೂ ಒಬ್ಬರು ಒಪ್ಪದೇ ಇರಬಹುದು. ಆಗ ತಹಶೀಲ್ದಾರರ ಹತ್ತಿರ ಎರಡು ಬಾಗಿಲು ಇವೆ. ಎರಡನ್ನು ಕಲಸಬೇಡಿ.

ಮೊದಲಿಂದ ಓಡಾಡುತ್ತಿದ್ದ ದಾರಿಯನ್ನು ಯಾರಾದರೂ ಮುಳ್ಳು ಹಾಕಿ, ಕಾಲುವೆ ತೋಡಿ, ಕಂಬ ನೆಟ್ಟು ಮುಚ್ಚಿದ್ದಾರಾ? ಹಾಗಿದ್ದರೆ 1906ರ ಮಾಮಲೇದಾರ್ ನ್ಯಾಯಾಲಯ ಕಾನೂನಿನ ಕಲಮು 5ರ ಕೆಳಗೆ ದಾವೆ ಹಾಕಿ. ಮುಚ್ಚಿದ ದಿನದಿಂದ 6 ತಿಂಗಳೊಳಗೆ ಹಾಕಬೇಕು. ಮಾತುಕತೆಯಲ್ಲಿ ಹೋಗಲಿ, ಹೋಗಲಿ ಅಂತ ಏಳನೇ ತಿಂಗಳು ಬಂದರೆ ಈ ಬಾಗಿಲು ಮುಚ್ಚಿತು. ಅದಕ್ಕೆ ಮುಚ್ಚಿದ ದಿನವೇ ಫೋಟೋ ತೆಗೆದು, ತಾರೀಖು ಬರೆದಿಡಿ. ಮಾತುಕತೆ ನಡೆಯಲಿ, ಕ್ಯಾಲೆಂಡರ್ ಮೇಲೂ ಕಣ್ಣಿರಲಿ.

ಹೊಲಕ್ಕೆ ದಾರಿಯೇ ಇಲ್ಲದಿದ್ದರೆ ಬೇರೆ ಬಾಗಿಲು. 1966ರ ಮಹಾರಾಷ್ಟ್ರ ಜಮೀನ್ ಮಹಸೂಲ್ ಸಂಹಿತೆಯ, ಅಂದರೆ ಭೂಕಂದಾಯ ಕಾನೂನಿನ, ಕಲಮು 143. ಇದರ ಕೆಳಗೆ ಬೇರೆಯವರ ಹೊಲದ ಬಾಂಧಾದ ಮೇಲಿಂದ, ಅಂದರೆ ಬದುವಿನ ಮೇಲಿಂದ ದಾರಿ ಕೇಳಬಹುದು. ಹೊಲದ ನಡುವಿನಿಂದ ಕೇಳಲು ಬರುವುದಿಲ್ಲ. ತಹಶೀಲ್ದಾರರು ಜಾಗ ನೋಡಿ, ಎರಡೂ ಕಡೆ ಕೇಳಿ, ಸಾಗುವಳಿ ಮಾಡುವವನಿಗೆ ನಿಜವಾಗಿ ಎಷ್ಟು ಬೇಕು ಅನ್ನುವುದನ್ನು ನೋಡಿ ಆದೇಶ ಕೊಡುತ್ತಾರೆ. ಒಪ್ಪದವರು 1 ವರ್ಷದೊಳಗೆ ಸಿವಿಲ್ ಕೋರ್ಟಿಗೆ ಹೋಗಬಹುದು. ಈ ಅರ್ಜಿಗೆ ಕಚ್ಚಾ ನಕ್ಷೆ, ನಿಮ್ಮ ಸಾತ್‌ಬಾರಾ, ದಾರಿ ಹಾಯುವ ಪಕ್ಕದ ಎಲ್ಲ ಹೊಲದವರ ಹೆಸರು ಮತ್ತು ಗಟ್ ನಂಬರ್ ಲಗತ್ತಿಸಬೇಕು.

2025ರ ಮೇ ತಿಂಗಳಲ್ಲಿ ಸರ್ಕಾರ ಇನ್ನೊಂದು ಆದೇಶ ತಂದಿದೆ. ಹೊಲದ ದಾರಿ ಕಡಿಮೆ ಅಂದರೆ 3ರಿಂದ 4 ಮೀಟರ್ ಅಗಲ ಇರಬೇಕು, ಕೊಟ್ಟ ದಾರಿಯನ್ನು ಸಾತ್‌ಬಾರಾದ ಇತರ ಹಕ್ಕಿನ ಕಾಲಮ್ಮಿನಲ್ಲಿ ಬರೆಯಬೇಕು ಅನ್ನುವುದು ಅದರ ತಿರುಳು. ಈಗ ಟ್ರ್ಯಾಕ್ಟರ್, ಹಾರ್ವೆಸ್ಟರ್ ಬಂದಿವೆ, ಬಂಡಿಯ ಅಗಲ ಸಾಲದು. ಒಮ್ಮತದಿಂದ ಬಿಟ್ಟುಕೊಟ್ಟ ದಾರಿಯನ್ನೂ ಈ ಕಾಲಮ್ಮಿನಲ್ಲಿ ಬರೆಸಿ. ನಾಳೆ ಹೊಲ ಮಾರಿದರೆ ಕೊಂಡವನು ದಾರಿ ಮುಚ್ಚಲು ಬರಬಾರದಲ್ಲ. ಪುಣೆಯ ಸುತ್ತ ಹೊಲಗಳು ಎಷ್ಟು ಬೇಗ ಕೈ ಬದಲಾಗುತ್ತಿವೆ ಅಂತ ನಿಮಗೇ ಗೊತ್ತು.

ಗ್ರಾಮಸಭೆಯ ಠರಾವು

ಸಾಮಾನ್ಯವಾಗಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಗ್ರಾಮಸಭೆ ಕೂಡುತ್ತದೆ. ಕೋರಂ ಅಂದರೆ ಮತದಾರರಲ್ಲಿ 100ಕ್ಕೆ 15 ಜನ, ಇಲ್ಲವೇ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಜನ ಸಾಲದೆ ಸಭೆ ಮುಂದೆ ಹೋಗುವುದು ಮಾಮೂಲು. ದಾರಿ ಬೇಕಾದವರು ಮನೆಗೆ ಮೂವರಂತೆ ಬಂದು ಕೂತರೆ ಕೋರಂ ತುಂಬುತ್ತದೆ. ಅದಕ್ಕೆ ಮುಂಚೆ ನಡೆಯುವ ಮಹಿಳಾ ಗ್ರಾಮಸಭೆಯಲ್ಲೂ ವಿಷಯ ಎತ್ತಿಸಿ. ಅಲ್ಲಿ ಆದ ಠರಾವು, ಅಂದರೆ ನಿರ್ಣಯ, ಇಲ್ಲಿ ಬಲ ಕೊಡುತ್ತದೆ.

ಗ್ರಾಮಸಭೆಯಲ್ಲಿ ಕೈ ಎತ್ತಬೇಕಾದರೆ ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಬೇಕು. ನಮ್ಮವರ ಹೆಸರು ಇನ್ನೂ ಇಂಡಿಯಲ್ಲೋ ಆಳಂದದಲ್ಲೋ ಇರುತ್ತದೆ. ಹತ್ತು ಹದಿನೈದು ವರ್ಷದಿಂದ ಇಲ್ಲೇ ಇದ್ದೀರಾದರೆ ಫಾರ್ಮ್ 8 ತುಂಬಿ ಹೆಸರನ್ನು ಇಲ್ಲಿಗೆ ತನ್ನಿ. ಅಲ್ಲಿಯದು ಬಿಟ್ಟುಹೋಗುತ್ತದೆ, ಮನಸ್ಸಿಗೆ ಕಸಿವಿಸಿ ಆಗುತ್ತದೆ, ನನಗೂ ಆಯಿತು. ಆದರೆ ಬೆಳೆ ಇರುವಲ್ಲಿ ಮಾತೂ ಇರಬೇಕು.

ಠರಾವಿನಲ್ಲಿ ಇರಬೇಕಾದದ್ದು: ದಾರಿಯ ಆರಂಭ ಮತ್ತು ಕೊನೆ, ಹಾಯುವ ಗಟ್ ನಂಬರುಗಳು, ಉದ್ದ, ಅಗಲ, ನಕ್ಷೆಯಲ್ಲಿ ಏನಂತ ಇದೆ, ಸಂಮತಿ ಕೊಟ್ಟವರ ಹೆಸರು, ಸೂಚಕರು ಮತ್ತು ಅನುಮೋದಕರು. ಉದ್ದೇಶ ಬರೆಯುವಾಗ ಮಾಲು ಸಾಗಿಸುವುದಕ್ಕೆ ಅಂತಷ್ಟೇ ಬರೆಯಬೇಡಿ. ಶಾಲೆಗೆ ಹೋಗುವ ಮಕ್ಕಳು, ಹೆರಿಗೆಗೆ ಹೋಗುವವರು, ಹಾಲಿನ ಕ್ಯಾನು, ಎಲ್ಲ ಇದೇ ದಾರಿಯ ಮೇಲೆ ತಾನೇ? ಅದನ್ನೂ ಬರೆಯಿಸಿ. ಗ್ರಾಮಸೇವಕರ, ಅಂದರೆ ಪಂಚಾಯತಿ ಕಾರ್ಯದರ್ಶಿಯ ಸಹಿ, ಶಿಕ್ಕಾ ಇರುವ ನಕಲು ಐದಾರು ತೆಗೆದಿಟ್ಟುಕೊಳ್ಳಿ. ಗ್ರಾಮಸೇವಕ, ತಲಾಠಿ (ಊರಿನ ಶಾನುಭೋಗ) ಹುದ್ದೆಗಳಿಗೆ ಈಗ ಹೊಸ ಹೆಸರು ಬಂದಿವೆ, ಊರಲ್ಲಿ ಮಾತ್ರ ಇನ್ನೂ ಹಾಗೇ ಕರೆಯುತ್ತಾರೆ.

ಯಾವ ಕಚೇರಿಗೆ ಕಾಗದ ಕೊಟ್ಟರೂ ಪೋಚ್ ತೆಗೆದುಕೊಳ್ಳಿ. ಅಂದರೆ ನಿಮ್ಮ ನಕಲಿನ ಮೇಲೆ ಅವರ ಶಿಕ್ಕಾ, ತಾರೀಖು, ಕಾಗದ ಒಳಬಂದ ಆವಕ ನಂಬರ್. ನಮ್ಮ ಮೊದಲ ಅರ್ಜಿಯನ್ನು ಒಂದು ಕಚೇರಿಯಲ್ಲಿ ಪೋಚ್ ಇಲ್ಲದೆ ಕೊಟ್ಟು ಬಂದೆವು. ಎಂಟು ತಿಂಗಳ ಮೇಲೆ ಹೋಗಿ ಕೇಳಿದರೆ ಅಂಥ ಅರ್ಜಿಯೇ ಬಂದಿಲ್ಲ ಅಂದರು.

ಯಾವ ಚೀಲದ ದುಡ್ಡು

ಕಾಗದ ಸಿದ್ಧವಾದ ಮೇಲೆ ದುಡ್ಡಿನ ಮಾತು. ಎಲ್ಲ ಕಡೆಯೂ ಅರ್ಜಿ ಹಾಕಿದರೆ ಎಲ್ಲೂ ಆಗುವುದಿಲ್ಲ. ದಾರಿಯ ಜಾತಕಕ್ಕೆ ಹೊಂದುವ ಚೀಲ ಹುಡುಕಬೇಕು.

ಹೊಲದ ದಾರಿಗೆಂದೇ ಬಂದದ್ದು ಮಾತೋಶ್ರೀ ಗ್ರಾಮಸಮೃದ್ಧಿ ಶೇತ್ ಪಾಣಂದ ರಸ್ತೆ ಯೋಜನೆ. ನವೆಂಬರ್ 2021ರಲ್ಲಿ ಶುರುವಾಯಿತು. ಉದ್ಯೋಗ ಖಾತ್ರಿಯಲ್ಲಿ ಕೂಲಿಗೆ 60, ಸಾಮಾನಿಗೆ 40 ಅನ್ನುವ ಅಳತೆ ಇತ್ತು. ಎರೆಮಣ್ಣಿನ ದಾರಿಗೆ ಖಡಿ (ಜಲ್ಲಿಕಲ್ಲು), ಮುರುಮು, ರೋಲರ್ ಅಂತ ಸಾಮಾನಿನ ಖರ್ಚೇ ಜಾಸ್ತಿ. ಆ ಕೊರತೆಯನ್ನು ರಾಜ್ಯದ ದುಡ್ಡಿನಿಂದ ತುಂಬುವುದೇ ಈ ಯೋಜನೆಯ ಕೀಲಿಯಾಗಿತ್ತು. ಇಂಥ ಯೋಜನೆಗಳ ಹೆಸರು, ನಿಯಮ ಬದಲಾಗುತ್ತಲೇ ಇರುತ್ತವೆ. ಪಂಚಾಯತ್ ಸಮಿತಿಯ ರೋಜಗಾರ್ ಹಮಿ, ಅಂದರೆ ಉದ್ಯೋಗ ಖಾತ್ರಿಯ ಟೇಬಲ್ಲಿನಲ್ಲಿ ಈಗ ಯಾವುದು ಚಾಲ್ತಿ ಅಂತ ಕೇಳಿಕೊಂಡೇ ಅರ್ಜಿ ಬರೆಯಿರಿ. ಕೆಲಸ ಮಾಡಲು ಕೈಗಳು ಬೇಕು. ಅದಕ್ಕೆ ಜಾಬ್ ಕಾರ್ಡ್ ಮೊದಲೇ ಮಾಡಿಸಿಡಿ.

ಗ್ರಾಮ ಪಂಚಾಯತಿಯ ವಿಕಾಸ ಆರಾಖಡಾದಲ್ಲಿ, ಅಂದರೆ ವರ್ಷದ ಯೋಜನೆಯಲ್ಲಿ, ನಿಮ್ಮ ದಾರಿಯ ಹೆಸರು ಇರಲೇಬೇಕು. ಇದು ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ಮಾರ್ಚಿನಲ್ಲಿ ಹೋಗಿ ಕೇಳಿದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.

ಜಿಲ್ಲಾ ಪರಿಷತ್ತಿನಲ್ಲಿ ಜನ ಬಜೆಟ್ಟಿನ ಲೆಕ್ಕಶೀರ್ಷಿಕೆಯ ನಂಬರಿನಿಂದಲೇ ಮಾತಾಡುತ್ತಾರೆ. ತೀಸ್ ಚೋಪನ್ ಅಂದರೆ 3054, ಇದ್ದ ರಸ್ತೆಯ ದುರಸ್ತಿ. ಪನ್ನಾಸ್ ಚೋಪನ್ ಅಂದರೆ 5054, ಹೊಸ ಕೆಲಸ. ಪಂಚವೀಸ್ ಪಂಧ್ರಾ ಅಂದರೆ 2515, ಜನಪ್ರತಿನಿಧಿಗಳು ಸೂಚಿಸಿದ ಗ್ರಾಮ ಸೌಕರ್ಯದ ಕೆಲಸ. ಮೊದಲ ಎರಡಕ್ಕೆ ರಸ್ತೆಗೆ ಗ್ರಾಮೀಣ ಮಾರ್ಗದಂಥ ನಂಬರ್ ಬೇಕು. ಮೂರನೆಯದಕ್ಕೆ ಆಮದಾರರ, ಅಂದರೆ ಶಾಸಕರ ಪತ್ರ ಬೇಕು. ಆಮದಾರರ ಹತ್ತಿರ ಹೋಗುವಾಗ ಒಂದೇ ಪಕ್ಷದವರು ಹೋಗಬೇಡಿ. ದಾರಿಗೆ ಒಂದು ಪಕ್ಷದ ಬಣ್ಣ ಬಿತ್ತೆಂದರೆ ಊರಿನ ಅರ್ಧ ಜನ ಹಿಂದೆ ಸರಿಯುತ್ತಾರೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಆಸೆಯಲ್ಲಿ ಹೊಲದ ದಾರಿಯವರು ಕಾಲ ಕಳೆಯಬೇಡಿ ಅನ್ನುವುದು ನನ್ನ ಮಾತು. 2000ದ ಡಿಸೆಂಬರ್ 25ರಂದು ಶುರುವಾದ ಈ ಯೋಜನೆ ಜನವಸತಿಗಳನ್ನು ಜೋಡಿಸುವುದಕ್ಕೆ. ಬಯಲು ಸೀಮೆಯಲ್ಲಿ 500 ಜನಸಂಖ್ಯೆ ಅದರ ಅಳತೆ. 2019ರ ಮೂರನೇ ಹಂತ ಗ್ರಾಮೀಣ ಮಾರುಕಟ್ಟೆ, ಶಾಲೆ, ಆಸ್ಪತ್ರೆಗೆ ಹೋಗುವ ಮುಖ್ಯ ದಾರಿಗಳನ್ನು ಮೇಲ್ದರ್ಜೆಗೆ ಏರಿಸುವುದಕ್ಕೆ ಬಂತು. ನಾಲ್ಕನೇ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮದು ಅಷ್ಟು ದೊಡ್ಡ ವಸ್ತಿಯಾಗಿದ್ದು ಇನ್ನೂ ರಸ್ತೆಗೆ ಜೋಡಿಸಿಲ್ಲ ಅಂದರೆ ಖಂಡಿತ ಬೆನ್ನು ಹತ್ತಿ.

ಕೆಲಸ ನಡೆಯುವಾಗ ಹತ್ತಿರವೇ ಇರಿ

ಕೆಲಸ ಶುರುವಾಗುವ ಮೊದಲು ಅಂದಾಜಪತ್ರಕದ ನಕಲು ತೆಗೆದುಕೊಳ್ಳಿ. ಎಷ್ಟು ಉದ್ದ, ಎಷ್ಟು ದಪ್ಪ, ಎಷ್ಟು ಮೋರಿ ಅನ್ನುವುದು ಅದರಲ್ಲಿ ಇರುತ್ತದೆ.

ನೀವೇ ಲೆಕ್ಕ ಹಾಕುವುದು ಸುಲಭ. 1 ಕಿಲೋಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಮುರುಮು ಅಂದರೆ 450 ಘನ ಮೀಟರ್. ಒಂದು ಬ್ರಾಸ್ ಅಂದರೆ 100 ಘನ ಅಡಿ, 2.83 ಘನ ಮೀಟರ್. ಅಲ್ಲಿಗೆ ಸುಮಾರು 160 ಬ್ರಾಸ್ ಆಯಿತು. ಇದು ರೋಲರ್ ಹೊಡೆದು ಕೂತ ಮೇಲಿನ ಲೆಕ್ಕ. ಸಡಿಲ ಮುರುಮು ಒತ್ತಿದಾಗ ಇಳಿಯುತ್ತದೆ, ಹಾಗಾಗಿ 200 ಬ್ರಾಸ್ ಹತ್ತಿರ ಬರಬೇಕು. ಒಬ್ಬ ಹುಡುಗ ಟ್ರಿಪ್ ಎಣಿಸುತ್ತಾ ಕೂತರೆ ಸಾಕು. ಮುರುಮನ್ನು ನೀವೇ ಅಗೆದು ತರುವುದಾದರೆ ತಹಶೀಲ್ ಕಚೇರಿಯ ಪರವಾನಗಿ, ರಾಯಲ್ಟಿ ಬೇಕು. ಊರ ಕೆಲಸ ತಾನೇ ಅಂತ ಅಗೆದು ದಂಡ ಕಟ್ಟಬೇಡಿ.

ಎರೆಮಣ್ಣಿನ ಮೇಲೆ ನೇರ ಮುರುಮು ಸುರಿಯಲು ಬಿಡಬೇಡಿ. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮೇಲಿನ ಮುರುಮು ಒಂದೇ ಮಳೆಗಾಲದಲ್ಲಿ ಅದರೊಳಗೆ ಮುಳುಗುತ್ತದೆ. ಮೇಲಿನ ಪದರ ಕೆತ್ತಿ ತೆಗೆದು, ಬದಿಯ ಕಾಲುವೆ ತೋಡಿ, ಆಮೇಲೆ ಮುರುಮನ್ನು ತೆಳುವಾದ ಪದರದಲ್ಲಿ ನೀರು ಚಿಮುಕಿಸಿ ಒತ್ತಬೇಕು. ದಾರಿಯ ನಡು ಎತ್ತರ ಇರಬೇಕು. 3 ಮೀಟರ್ ಅಗಲದ ದಾರಿಗೆ ನಡುಭಾಗ ಅಂಚಿಗಿಂತ 6 ಸೆಂಟಿಮೀಟರಾದರೂ ಮೇಲೆ. ಒಂದು ದಾರ ಹಿಡಿದರೆ ಗೊತ್ತಾಗುತ್ತದೆ. ಹಳ್ಳ ದಾಟುವಲ್ಲಿ ಪೈಪು 600 ಮಿಲಿಮೀಟರಿಗಿಂತ ಸಣ್ಣದು ಬೇಡ, ಕಸ ಕಟ್ಟಿಕೊಂಡರೆ ತೆಗೆಯಲು ಆಗುವುದಿಲ್ಲ. ದುಡ್ಡು ಕಡಿಮೆ ಬಿದ್ದರೆ ಉದ್ದ ಕಡಿಮೆ ಮಾಡಿ. ಮೋರಿ, ಕಾಲುವೆ ಬಿಡಬೇಡಿ. ದಾರಿಯನ್ನು ಕೆಡಿಸುವುದು ಗಾಡಿಗಿಂತ ಹೆಚ್ಚಾಗಿ ನೀರು.

ದಪ್ಪದ ಬಗ್ಗೆ ಅನುಮಾನ ಬಂದರೆ ಇಂಜಿನಿಯರ್ ಬಂದಾಗ ಅವರ ಎದುರೇ ಒಂದು ಗುಂಡಿ ತೋಡಿ ಅಳತೆ ಹಿಡಿಯಿರಿ. ಜಗಳ ಬೇಡ, ಅಳತೆ ಸಾಕು. ಪ್ರಧಾನಮಂತ್ರಿ ಯೋಜನೆಯ ರಸ್ತೆ ಆಗಿದ್ದರೆ 5 ವರ್ಷ ಅದರ ದುರಸ್ತಿ ಗುತ್ತಿಗೆದಾರನದೇ. ಹೊಂಡದ ಫೋಟೋವನ್ನು ಮೇರಿ ಸಡಕ್ ಆ್ಯಪಿನಲ್ಲಿ ಹಾಕಿ.

ದಾರಿ ಆಗುವ ತನಕ

ಅಲ್ಲಿಯವರೆಗೆ ಬೆಳೆ ಕಾಯುವುದಿಲ್ಲವಲ್ಲ. ನಮ್ಮ ಮೂರು ಕೆಟ್ಟ ಜಾಗಗಳಲ್ಲಿ ಒಂದನ್ನು ನಾವೇ ವರ್ಗಣಿ (ವಂತಿಗೆ) ಹಾಕಿ ಸರಿ ಮಾಡಿದೆವು. ಡಾಂಬರಿನ ಅಂಚಿಗೆ ಒಂದು ತಗಡಿನ ಚಪ್ಪರ ಹಾಕಿ, ಸಂಜೆಯೇ ಟ್ರ್ಯಾಕ್ಟರಿನಲ್ಲಿ ಎಲ್ಲರ ಮಾಲು ಅಲ್ಲಿಗೆ ತಂದು, ಒಂದೇ ಪಿಕಪ್ಪಿಗೆ ತುಂಬಿಸಿದೆವು. ಬಾಡಿಗೆ ಹಂಚಿಹೋಯಿತು. ಸೀತಾಫಲವನ್ನು ಮೂಟೆಯಲ್ಲಿ ಬಿಟ್ಟು ಕ್ರೇಟಿನಲ್ಲಿ ತುಂಬಿದರೆ ಕುಲುಕಾಟಕ್ಕೆ ಕಪ್ಪಾಗುವುದು ಕಡಿಮೆ. ಜ್ಯೇಷ್ಠದ ಕೊನೆಯಲ್ಲಿ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ದಿವೆ ಘಾಟ್ ಹತ್ತುವ ದಿನ ಘಾಟಿನಲ್ಲಿ ಗಾಡಿ ಬಿಡುವುದಿಲ್ಲ. ಆ ದಿನದ ಕಟಾವನ್ನು ಮೊದಲೇ ಹಿಂದೆಮುಂದೆ ಮಾಡಿಕೊಳ್ಳಿ. ವಾರಕರಿಗಳಿಗೆ ನೀರು ಕೊಡಲು ನಾವೂ ಹೋಗಿ ನಿಲ್ಲುತ್ತೇವೆ.

ರೋಹಿಣಿ ಮಳೆಗೆ ಮುಂಚೆ

ಆದ ದಾರಿ ಉಳಿಯಬೇಕಾದರೆ ವರ್ಷಕ್ಕೆ ಎರಡು ದಿನ ಎಲ್ಲರೂ ಸಲಿಕೆ ಹಿಡಿಯಬೇಕು. ಒಂದು ದಿನ ಮೇ ಇಪ್ಪತ್ತರ ಒಳಗೆ, ರೋಹಿಣಿ ಮಳೆ ಹುಟ್ಟುವ ಮೊದಲು. ಕಾಲುವೆ ಬಳಿಯುವುದು, ಪೈಪಿನ ಬಾಯಿ ಬಿಡಿಸುವುದು. ಮಿರಗ, ಅಂದರೆ ಮೃಗಶಿರಾ ಮಳೆ, ಹೊಕ್ಕ ಮೇಲೆ ಬಿತ್ತನೆ, ಆಗ ಯಾರೂ ಸಿಗುವುದಿಲ್ಲ. ಇನ್ನೊಂದು ದಿನ ದಸರೆ ಮುಗಿದ ಮೇಲೆ, ಚೆಂಡುಹೂವಿನ ಗಡಿಬಿಡಿ ಕಳೆದಾಗ. ಬಿದ್ದ ಹೊಂಡಕ್ಕೆ ಮುರುಮು, ದಾರಿಗೆ ಚಾಚಿದ ಜಾಲಿ ಕಡಿಯುವುದು.

ನಮ್ಮಲ್ಲಿ ಪ್ರತಿ ಟ್ರಿಪ್ಪಿಗೆ ಇಷ್ಟು ಅಂತ ಒಂದು ಡಬ್ಬಿಗೆ ಹಾಕುತ್ತೇವೆ. ಮೊತ್ತ ಸಣ್ಣದು. ಲೆಕ್ಕದ ಪುಸ್ತಕ ಒಂದು ಮನೆಯಲ್ಲಿ, ಡಬ್ಬಿ ಇನ್ನೊಂದು ಮನೆಯಲ್ಲಿ. ಪ್ರತಿ ಯುಗಾದಿಗೆ ಎರಡೂ ಮನೆ ಬದಲಾಗುತ್ತವೆ. ದಾರಿಯ ಆರಂಭದಲ್ಲಿ ಇರುವ ಮನೆಯವರು ಡಬ್ಬಿಗೆ ಹಾಕಬೇಕಾಗಿಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು. ಕಳೆದ ವರ್ಷದಿಂದ ಅವರೂ ಹಾಕುತ್ತಿದ್ದಾರೆ.